ಎಷ್ಟು ಊರು ನೋಡಿದಿರಿ ಎಂದು ಕೇಳಬೇಡಿ

ಸ್ಪೇನಿನಿಂದ ಮರಳಿ ಬಂದು ಎಂಟು ತಿಂಗಳಾಯಿತು. ಈ ಎಂಟು ತಿಂಗಳಲ್ಲಿ ಸಿಕ್ಕವರೆಲ್ಲ, ಆಫೀಸಿನವರು, ಧಾರವಾಡದ ನೆಂಟರು, ಪುಣೆಯ ಕನ್ನಡ ಬಳಗದವರು, ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಊರು ನೋಡಿದ್ರಿ?" ನನ್ನ ಉತ್ತರವೂ ಸಿದ್ಧವಾಗಿರುತ್ತಿತ್ತು. ಒಂಬತ್ತು ತಿಂಗಳಲ್ಲಿ ಹತ್ತೊಂಬತ್ತು ಊರು. ಮೊಬೈಲಿನಲ್ಲಿ ಊರಿಗೊಂದು ಫೋಲ್ಡರ್. ಕೇಳಿದವರು ಹುಬ್ಬೇರಿಸುತ್ತಿದ್ದರು, ನಾನು ಹೆಮ್ಮೆಯಿಂದ ಫೋಟೋ ತೆಗೆದು ತೋರಿಸುತ್ತಿದ್ದೆ.

ಅಪ್ಪ ಮಾತ್ರ ಬೇರೆ ಪ್ರಶ್ನೆ ಕೇಳಿದರು. "ನೀ ಇದ್ದ ಊರು ಹ್ಯಾಂಗದ?"

ಸಲಮಾಂಕಾದ ಬಗ್ಗೆ ಶುರುಮಾಡಿದೆ. 1218ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ, ಸಂಜೆಯ ಬಿಸಿಲಿಗೆ ಬಂಗಾರದ ಬಣ್ಣಕ್ಕೆ ತಿರುಗುವ ಮರಳುಗಲ್ಲು, ರೋಮನ್ನರ ಕಾಲದ ಸೇತುವೆ. ಅಪ್ಪ ಅರ್ಧಕ್ಕೇ ತಡೆದರು. "ಅದೆಲ್ಲಾ ಪುಸ್ತಕದಾಗೂ ಇರ್ತದವ್ವಾ. ನಿಮ್ಮ ಓಣಿ ಹೇಳು. ಬಾಜೂ ಮನ್ಯಾಗ ಯಾರಿದ್ರು?"

ಬಾಜೂ ಮನೆಯಲ್ಲಿ ಯಾರಿದ್ದರು? ನನಗೆ ಗೊತ್ತಿಲ್ಲ. ಒಂಬತ್ತು ತಿಂಗಳು ಒಂದೇ ಮೆಟ್ಟಿಲು ಹತ್ತಿ ಇಳಿದಿದ್ದೇನೆ. ಎದುರು ಬಾಗಿಲಿನವರಿಗೆ "ಓಲಾ" ಅಂದಿದ್ದೇನೆ. ಅಷ್ಟೇ. ನಾಲ್ಕು ವರ್ಷದ ಉಳಿತಾಯ ಮತ್ತು ಅಪ್ಪನ ನಿವೃತ್ತಿ ಹಣದಿಂದ ತೆಗೆದ ಮೂರು ಲಕ್ಷ ಖರ್ಚು ಮಾಡಿ ಹೋಗಿದ್ದವಳು ನಾನು. ಆ ಮೂರು ಲಕ್ಷ ಕೊಟ್ಟವರ ಮುಂದೆ ನನ್ನ ಓಣಿಯ ಬಗ್ಗೆ ಐದು ವಾಕ್ಯ ಹೇಳಲಾಗಲಿಲ್ಲ. ಈ ಲೇಖನ ಆ ಸಂಕಟದಿಂದ ಹುಟ್ಟಿದ್ದು. ಓದುವವರಿಗೆ ಸ್ವಲ್ಪ ಖಾರ ಅನ್ನಿಸಿದರೆ ಅದರಲ್ಲಿ ಅರ್ಧ ನನ್ನ ಮೇಲೇ ಇರುವ ಸಿಟ್ಟು ಎಂದು ತಿಳಿಯಿರಿ.

ನಾನು ಹೋಗಿದ್ದು ಭಾಷೆಗಾಗಿ. ಪುಣೆಯ ಐ.ಟಿ. ಕಂಪನಿಗಳಲ್ಲಿ ಸ್ಪ್ಯಾನಿಷ್, ಜರ್ಮನ್, ಜಪಾನಿ ಬಲ್ಲವರಿಗೆ ಕೆಲಸವಿದೆ ಎನ್ನುವುದು ಇಲ್ಲಿರುವ ಎಲ್ಲರಿಗೂ ಗೊತ್ತು. ನಾನೂ ಹಾಗೆಯೇ ಸಂಜೆಯ ಕ್ಲಾಸಿನಲ್ಲಿ ಸ್ಪ್ಯಾನಿಷ್ ಕಲಿತು, ಮೆಕ್ಸಿಕೋದ ಗ್ರಾಹಕರಿಗೆ ಇಮೇಲ್ ಬರೆಯುವ ಕೆಲಸ ಹಿಡಿದವಳು. ಬರೆಯುವುದು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಆದ್ದರಿಂದ ಸಲಮಾಂಕಾ. ಸ್ಪ್ಯಾನಿಷ್ ಕಲಿಯಲು ಜಗತ್ತಿನ ಎಲ್ಲೆಡೆಯಿಂದ ವಿದ್ಯಾರ್ಥಿಗಳು ಬರುವ ಊರು ಅದು.

ಮೊದಲ ವಾರದಲ್ಲೇ ವಿದೇಶಿ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಸೇರಿದೆ. ಎರಡನೆಯ ವಾರಕ್ಕೇ ಸೆಗೋವಿಯಾ. ಮೂರನೆಯ ವಾರ ಟೊಲೇಡೊ. ಆಮೇಲೆ ಅದೊಂದು ಲಯಕ್ಕೆ ಬಿದ್ದುಬಿಟ್ಟಿತು. ಸೋಮವಾರ ನಿದ್ದೆಗಣ್ಣಿನಲ್ಲಿ ತರಗತಿ, ಮಂಗಳವಾರ ಫೋಟೋ ಹಂಚಿಕೆ, ಬುಧವಾರ ಮುಂದಿನ ಊರಿನ ಚರ್ಚೆ, ಗುರುವಾರ ಟಿಕೇಟು, ಶುಕ್ರವಾರ ಮಧ್ಯಾಹ್ನ ಬಸ್ಸು. ಕಾಲೇಜುಗಳೂ ಇದನ್ನೇ ಮಾರುತ್ತವೆ. ನನ್ನ ಕೋರ್ಸಿನ ಕೈಪಿಡಿಯಲ್ಲಿ ಪಾಠದ ವಿವರಕ್ಕಿಂತ ಮೊದಲೇ ಮ್ಯಾಡ್ರಿಡ್ ಎಷ್ಟು ಹತ್ತಿರ, ಪೋರ್ಚುಗಲ್ ಗಡಿ ಎಷ್ಟು ಹತ್ತಿರ ಎಂದಿತ್ತು. ಊರಿನ ಮುಖ್ಯ ಗುಣ ಏನೆಂದರೆ ಅಲ್ಲಿಂದ ಬೇಗ ಹೊರಬೀಳಬಹುದು ಎನ್ನುವುದು!

ಏಳು ಜನರ ಗುಂಪು ನಮ್ಮದು. ಇಬ್ಬರು ಭಾರತೀಯರು, ಉಳಿದವರು ನಾಲ್ಕು ದೇಶದವರು. ಏಳೂ ಜನರಿಗೆ ಸಾಮಾನ್ಯವಾಗಿದ್ದ ಭಾಷೆ ಇಂಗ್ಲಿಷ್. ಹಾಗಾಗಿ ಶುಕ್ರವಾರ ಮಧ್ಯಾಹ್ನದಿಂದ ಭಾನುವಾರ ರಾತ್ರಿಯವರೆಗೆ ನಾನು ಆಡಿದ ಸ್ಪ್ಯಾನಿಷ್ ಎಂದರೆ "ಇದಕ್ಕೆಷ್ಟು", "ಬಿಲ್ ಕೊಡಿ", "ಶೌಚಾಲಯ ಎಲ್ಲಿ". ಇದನ್ನು ಕಲಿಯಲು ಏಳು ಸಾವಿರಕ್ಕೂ ಹೆಚ್ಚು ಕಿಲೋಮೀಟರು ಹಾರುವ ಅಗತ್ಯವಿರಲಿಲ್ಲ, ಪುಣೆಯ ಕ್ಲಾಸಿನ ಮೊದಲ ತಿಂಗಳಲ್ಲೇ ಕಲಿಸಿದ್ದರು.

ಆಗ ನನಗೆ ಹೊಳೆಯದೇ ಇದ್ದ ಒಂದು ಸರಳ ಲೆಕ್ಕವಿದೆ. ವಾರದ ದಿನಗಳಲ್ಲಿ ಸ್ಪೇನಿನವರು ಕೆಲಸದಲ್ಲಿರುತ್ತಾರೆ. ನಾವು ತರಗತಿಯಲ್ಲಿ ಇನ್ನಿತರ ವಿದೇಶಿಯರ ಜೊತೆ ಕೂತಿರುತ್ತೇವೆ. ಅವರ ಬದುಕು ನಮ್ಮ ಕಣ್ಣಿಗೆ ಬೀಳುವುದು ವಾರಾಂತ್ಯದಲ್ಲಿ ಮಾತ್ರ. ಶನಿವಾರ ಬೆಳಿಗ್ಗೆ ಪ್ಲಾಸಾ ಮಯೋರ್ ಪಕ್ಕದ ಮಾರುಕಟ್ಟೆಯಲ್ಲಿ ಟೊಮ್ಯಾಟೊ ಮುಟ್ಟಿ ನೋಡಿ ಜಗಳವಾಡುವ ಹೆಂಗಸರು, ಭಾನುವಾರ ಮಧ್ಯಾಹ್ನ ಊಟಕ್ಕೆ ಮೊದಲು ವೆರ್ಮುತ್ ಕುಡಿಯಲು ನಿಂತ ಗಂಡಸರು, ಮೂರು ಗಂಟೆಯ ಊಟ, ಊಟವಾದ ಮೇಲೂ ಮೇಜಿನಿಂದ ಏಳದೆ ಹರಟುವ ಆ ದೀರ್ಘ ಹೊತ್ತು. ಅದಕ್ಕೆ ಅವರಲ್ಲಿ 'ಸೋಬ್ರೆಮೇಸಾ' ಎಂಬ ಪ್ರತ್ಯೇಕ ಪದವೇ ಇದೆ. ಸಂಜೆ ಚೌಕದ ಗಡಿಯಾರದ ಕೆಳಗೆ ಭೇಟಿಯಾಗಿ ಸುತ್ತು ಹಾಕುವುದು. ಊರು ತನ್ನ ಮನೆಬಾಗಿಲು ತೆರೆಯುವ ಎರಡು ದಿನ ಅವು. ನಾವು ಆ ಎರಡು ದಿನ ಬೇರೆ ಊರಿನಲ್ಲಿ ಸಾಲು ನಿಂತಿರುತ್ತಿದ್ದೆವು.

ಸಲಮಾಂಕಾದ ಜನ ಈಸ್ಟರ್ ಭಾನುವಾರ ಕಳೆದ ಎರಡನೆಯ ಸೋಮವಾರ ಒಂದು ಹಬ್ಬ ಮಾಡುತ್ತಾರೆ, 'ಲೂನೆಸ್ ದೆ ಆಗ್ವಾಸ್'. ಊರಿಗೂರೇ ತೋರ್ಮೆಸ್ ನದಿಯ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗಿ ಹುಲ್ಲಿನ ಮೇಲೆ ಕೂತು ಉಣ್ಣುತ್ತದೆ. ನಮ್ಮ ಸೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಯಲ್ಲಿ ಹೊಲಕ್ಕೆ ಬುತ್ತಿ ಒಯ್ಯುವವರಿಗೆ ಇದರ ಸುಖ ವಿವರಿಸಬೇಕಿಲ್ಲ. ಬೇರೆ ಊರಿನಲ್ಲಿ ಸಿಗುವ ಹಬ್ಬವಲ್ಲ ಅದು. ನಾನು ಆ ಸೋಮವಾರ ಪೋರ್ಟೊದಿಂದ ಮರಳುವ ಬಸ್ಸಿನಲ್ಲಿದ್ದೆ. ಸಂಜೆ ಬಂದಾಗ ಖಾಲಿ ಡಬ್ಬಿ ಹಿಡಿದು ನದಿಯ ಕಡೆಯಿಂದ ಮನೆಗೆ ಹೋಗುತ್ತಿದ್ದವರನ್ನು ನೋಡಿ "ಇವತ್ತೇನಿತ್ತು?" ಎಂದು ಫೋನಿನಲ್ಲಿ ಹುಡುಕಿದೆ.

ಇನ್ನು ನೋಡಿದ್ದರ ಗುಣಮಟ್ಟ. ಗ್ರನಾಡಾದ ಅಲ್ಹಾಂಬ್ರಾ ಹೇಳುತ್ತೇನೆ, ಏಕೆಂದರೆ ನನ್ನ ಹತ್ತೊಂಬತ್ತರಲ್ಲಿ ಅದೇ ಕಿರೀಟ. ಅಲ್ಲಿನ ನಸ್ರಿದ್ ಅರಮನೆಗೆ ಟಿಕೇಟಿನಲ್ಲಿ ನಮೂದಿಸಿದ ಅರ್ಧ ಗಂಟೆಯೊಳಗೇ ಪ್ರವೇಶಿಸಬೇಕು. ಅಲ್ಲಿನ ಗೋಡೆಗಳು ಬರೀ ಅಲಂಕಾರವಲ್ಲ, ಓದುವಂಥವು. ಸಿಂಹಗಳ ಕಾರಂಜಿಯ ಬಟ್ಟಲಿನ ಅಂಚಿನಲ್ಲಿ ಹದಿನಾಲ್ಕನೆಯ ಶತಮಾನದ ಇಬ್ನ್ ಝಮ್ರಕ್ ಎಂಬ ಕವಿಯ ಪದ್ಯ ಕೆತ್ತಿದ್ದಾರೆ. ಕಟ್ಟಡವೊಂದು ತನ್ನ ಬಗ್ಗೆ ತಾನೇ ಪದ್ಯ ಹೇಳಿಕೊಳ್ಳುತ್ತದೆ. ಇದು ನನಗೆ ತಿಳಿದದ್ದು ಪುಣೆಗೆ ಮರಳಿದ ಮೇಲೆ. ಅಲ್ಲಿದ್ದಾಗ ನಾನು ಸಿಂಹಗಳ ಮುಂದೆ ಜನ ಖಾಲಿಯಾಗುವ ಕ್ಷಣಕ್ಕಾಗಿ ಕ್ಯಾಮೆರಾ ಹಿಡಿದು ಕಾಯುತ್ತಿದ್ದೆ.

ಅದೇ ಗ್ರನಾಡಾ ಲೋರ್ಕನ ಊರು. ತರಗತಿಯಲ್ಲಿ ಅವನ ನಾಟಕ ಓದುತ್ತಿದ್ದೆವು. 1936ರ ಆಗಸ್ಟಿನಲ್ಲಿ ಆ ಊರಿನ ಹೊರಗೆ, ವಿಸ್ನಾರ್ ಮತ್ತು ಅಲ್ಫಾಕಾರ್ ಹಳ್ಳಿಗಳ ನಡುವೆ, ಅವನನ್ನು ಗುಂಡಿಟ್ಟು ಕೊಂದರು. ಶವ ಇಂದಿಗೂ ಸಿಕ್ಕಿಲ್ಲ. ನಮ್ಮ ಏಳು ಜನರಲ್ಲಿ ಒಬ್ಬರೂ ಆ ದಿಕ್ಕಿಗೆ ಬಸ್ಸಿದೆಯೇ ಎಂದು ಕೇಳಲಿಲ್ಲ. ಸಂಜೆ ಸೂರ್ಯಾಸ್ತದ ಫೋಟೋಕ್ಕೆ ಸಾನ್ ನಿಕೋಲಾಸ್ ದಿಬ್ಬ ಹತ್ತಬೇಕಿತ್ತು, ರಾತ್ರಿ ಬಸ್ಸಿತ್ತು.

ನಾವು ಏನು ಮಾಡುತ್ತಿದ್ದೇವೆ ಎನ್ನುವುದು ನನಗೆ ಕಂಡದ್ದು ಸಲಮಾಂಕಾದಲ್ಲೇ, ಜ್ವರ ಬಂದು ಉಳಿದ ಒಂದು ಶನಿವಾರ. ಔಷಧಿಗೆಂದು ಹೊರಬಿದ್ದೆ. ವಿಶ್ವವಿದ್ಯಾಲಯದ ಹಳೆಯ ಮುಂಬಾಗಿಲ ಮುಂದೆ ನಾಲ್ಕು ಗುಂಪು ಕತ್ತೆತ್ತಿ ನಿಂತಿದ್ದವು. ಆ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕೂತ ಒಂದು ಪುಟ್ಟ ಕಪ್ಪೆಯಿದೆ. ಅದನ್ನು ಕಂಡುಹಿಡಿದ ವಿದ್ಯಾರ್ಥಿ ಪಾಸಾಗುತ್ತಾನೆ ಎಂಬ ನಂಬಿಕೆ. ಕಪ್ಪೆ ಸಿಕ್ಕಿದ ಕೂಡಲೇ ಗುಂಪು ಹೊಸ ಕೆಥೆಡ್ರಲ್ ಕಡೆ ಓಡುತ್ತದೆ, 1992ರ ದುರಸ್ತಿಯಲ್ಲಿ ಕೆತ್ತಿದ ಗಗನಯಾತ್ರಿಯನ್ನು ನೋಡಲು. ಅದಾದರೆ ಸಲಮಾಂಕಾ ಮುಗಿಯಿತು. ಅದೇ ಮುಂಬಾಗಿಲಿನ ಪಕ್ಕದಲ್ಲೇ ಮಿಗೆಲ್ ದೆ ಉನಾಮುನೊ ರೆಕ್ಟರ್ ಆಗಿದ್ದಾಗ ವಾಸಿಸಿದ್ದ ಮನೆಯಿದೆ, ಈಗ ಮ್ಯೂಸಿಯಮ್ಮು. 1936ರ ಅಕ್ಟೋಬರ್ 12ರಂದು ಫ್ರಾಂಕೋನ ಕಡೆಯವರು ತುಂಬಿದ್ದ ಸಭೆಯಲ್ಲಿ ಎದ್ದು ನಿಂತು ವಿರೋಧದ ಮಾತಾಡಿ, ಹುದ್ದೆ ಕಳೆದುಕೊಂಡು, ಆ ವರ್ಷದ ಕೊನೆಯ ದಿನ ತೀರಿಕೊಂಡ ಮುದುಕ ಆತ. ಆ ಬಾಗಿಲ ಕಡೆ ಯಾರೂ ತಿರುಗಲಿಲ್ಲ. "ನಾಲ್ಕು ಗಂಟೆಯಲ್ಲಿ ಊರು ಮುಗಿಸಿ ಹೋಗ್ತಾರೆ ನೋಡು" ಎಂದು ನನಗೆ ನಗು ಬಂತು. ಅಲ್ಲೇ ಆ ನಗು ನಿಂತೂಹೋಯಿತು. ನಾನೂ ಉನಾಮುನೊ ಮನೆಯೊಳಗೆ ಹೋಗಿರಲಿಲ್ಲ. ಹಿಂದಿನ ಶನಿವಾರ ಬೇರೆಯವರ ಊರಿನಲ್ಲಿ ನನ್ನದೂ ಇದೇ ನಾಲ್ಕು ಗಂಟೆ.

ಜ್ವರದಿಂದಾಗಿಯೇ ಮರುದಿನ ಮನೆಯೊಡತಿಯ ಜೊತೆ ಊಟಕ್ಕೆ ಕೂತೆ. ಎಪ್ಪತ್ತೈದು ದಾಟಿದ ಹೆಂಗಸು, ಒಂದು ಕೋಣೆ ನನಗೆ ಬಾಡಿಗೆಗೆ ಕೊಟ್ಟಿದ್ದಳು. ಸೆಪ್ಟೆಂಬರಿನಿಂದ ಪ್ರತಿ ಭಾನುವಾರ ಕರೆದಿದ್ದಳು, ನಾನು ಪ್ರತಿ ಭಾನುವಾರ ಊರಲ್ಲಿರುತ್ತಿರಲಿಲ್ಲ. ಮಾಂಸ ತಿನ್ನುವುದಿಲ್ಲ ಎಂದರೆ "ಮಾಂಸ ಹಾಕಿಲ್ಲ, ಬರೀ ಹ್ಯಾಮ್" ಎಂದು ಬೇಳೆಯ ಸಾರು ಮುಂದಿಟ್ಟಳು. ಇಬ್ಬರೂ ನಕ್ಕೆವು. ನನಗಾಗಿ ಆಲೂಗಡ್ಡೆಯ ತೋರ್ತಿಯಾ ಮಾಡಿಕೊಟ್ಟಳು. ಆಮೇಲೆ ಆರು ಗಂಟೆಯವರೆಗೆ ಮೇಜು ಬಿಟ್ಟೇಳಲಿಲ್ಲ.

ಆಕೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಜರ್ಮನಿಗೆ ಹೋಗಿದ್ದಳಂತೆ, ಕಾರ್ಖಾನೆ ಕೆಲಸಕ್ಕೆ. 1960ರಲ್ಲಿ ಸ್ಪೇನ್ ಮತ್ತು ಪಶ್ಚಿಮ ಜರ್ಮನಿ ಕೂಲಿಯಾಳುಗಳ ಒಪ್ಪಂದ ಮಾಡಿಕೊಂಡ ಮೇಲೆ ಲಕ್ಷಗಟ್ಟಲೆ ಜನ ಹಾಗೆ ರೈಲು ಹತ್ತಿದ್ದರು. ಎಂಟು ವರ್ಷ ಅಲ್ಲಿದ್ದಳು. ಏನು ನೋಡಿದಿರಿ ಎಂದು ಕೇಳಿದೆ, ಅಭ್ಯಾಸ ಬಲ. "ಏನೂ ನೋಡಲಿಲ್ಲ. ಭಾನುವಾರ ಸ್ಟೇಷನ್ನಿಗೆ ಹೋಗ್ತಿದ್ವಿ, ನಮ್ಮೂರಿನ ಕಡೆಯ ರೈಲು ನೋಡೋಕೆ, ನಮ್ಮವರು ಸಿಗ್ತಾರೆ ಅಂತ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಬೇಕರಿಯವಳೊಬ್ಬಳ ಬಗ್ಗೆ ಹೇಳಿದಳು. ದಿನಾ ಬ್ರೆಡ್ ಕೊಡುವಾಗ ಒಂದೊಂದು ಪದ ಕಲಿಸುತ್ತಿದ್ದಳಂತೆ, ತಪ್ಪು ಹೇಳಿದರೆ ಬ್ರೆಡ್ ಕೊಡುತ್ತಿರಲಿಲ್ಲವಂತೆ. ಆಕೆ ಸಾಯುವವರೆಗೂ ಇವರಿಬ್ಬರ ನಡುವೆ ಕ್ರಿಸ್ಮಸ್ ಕಾಗದ ಓಡಾಡಿತು. ಆ ಮಧ್ಯಾಹ್ನ ನಾನು ಕಲಿತ ಸ್ಪ್ಯಾನಿಷ್ ಮೂರು ತಿಂಗಳ ತರಗತಿಗಿಂತ ಹೆಚ್ಚು. ಆಮೇಲೇನು ಮಾಡಿದೆ? ಮುಂದಿನ ಶುಕ್ರವಾರ ಕೋರ್ಡೊಬಾಕ್ಕೆ ಹೋದೆ. ಟಿಕೇಟು ಆಗಿಬಿಟ್ಟಿತ್ತು.

ಈಗ ಆಕ್ಷೇಪಗಳು. ಅವು ಸಣ್ಣವಲ್ಲ.

"ಮತ್ತೆ ಅವಕಾಶ ಸಿಗುತ್ತಾ?" ಇದು ನಮ್ಮೆಲ್ಲರ ಮಂತ್ರ. ಮನೆತನದಲ್ಲೇ ಮೊದಲ ಪಾಸ್‌ಪೋರ್ಟು, ಷೆಂಗೆನ್ ಒಳಗೆ ಓಡಾಡುವ ಕಾರ್ಡು ಕೈಯಲ್ಲಿ, ಕೂತಲ್ಲೇ ಕೂಡು ಎಂದು ಉಪದೇಶ ಮಾಡಲು ನೀನ್ಯಾರು? ಸರಿಯೇ. ಆದರೆ ಮತ್ತೆ ಸಿಗದೇ ಇರುವುದು ಯಾವುದು? ದುಡ್ಡು ಕೂಡಿದರೆ ನಲವತ್ತರಲ್ಲೋ ಐವತ್ತರಲ್ಲೋ ಟೂರ್ ಪ್ಯಾಕೇಜಿನಲ್ಲಿ ಅಲ್ಹಾಂಬ್ರಾ ನೋಡಬಹುದು. ಯಾವ ಪ್ಯಾಕೇಜಿನಲ್ಲೂ ಸಿಗದೇ ಇರುವುದು ಒಂದು ಊರಿನಲ್ಲಿ ಒಂಬತ್ತು ತಿಂಗಳ ವಾಸ. ಆ ವಾದವನ್ನೇ ಸರಿಯಾಗಿ ಹಿಡಿದರೆ ಅದು ಊರಲ್ಲೇ ಉಳಿ ಎನ್ನುತ್ತದೆ.

"ಧಾರವಾಡದ ಹುಡುಗಿ ರಾತ್ರಿ ಎರಡಕ್ಕೆ ಬಸ್ಸಿಳಿದು ನಿರ್ಭಯವಾಗಿ ನಡೆದಳಲ್ಲ, ಅದು ಸಣ್ಣದೇ?" ಸಣ್ಣದಲ್ಲ. ಆ ನಡಿಗೆಯನ್ನು ನಾನು ಯಾವುದಕ್ಕೂ ಬಿಟ್ಟುಕೊಡುವುದಿಲ್ಲ. ಆದರೆ ಆ ಸ್ವಾತಂತ್ರ್ಯ ಸಲಮಾಂಕಾದ ಬೀದಿಯಲ್ಲೂ ಇತ್ತು. ಮತ್ತು ಹತ್ತೊಂಬತ್ತು ಊರಿನಲ್ಲಿ ಒಂದಕ್ಕೂ ನಾನು ಒಬ್ಬಳೇ ಹೋಗಲಿಲ್ಲ.

ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ ಕಾರಣ: ಒಂಟಿತನ. ಅಂಗಡಿಗಳು ಮುಚ್ಚಿದ ಭಾನುವಾರ, ಗುರುತಿಲ್ಲದ ಊರು, ಎಲ್ಲ ಮನೆಗಳಿಂದ ಊಟದ ವಾಸನೆ, ನಗುವಿನ ಸದ್ದು. ಕೋಣೆಯಲ್ಲಿ ಕೂತು ಅಮ್ಮನಿಗೆ ಫೋನು ಮಾಡಿದರೆ ಅಳು ಬರುತ್ತದೆ. ಅದಕ್ಕಿಂತ ಬಸ್ಸು ಹತ್ತುವುದು ಸುಲಭ. ನನ್ನ ಹತ್ತೊಂಬತ್ತರಲ್ಲಿ ಕನಿಷ್ಠ ಹನ್ನೆರಡು ಊರುಗಳಿಗೆ ನಾನು ಹೋದದ್ದು ಅವನ್ನು ನೋಡಲಿಕ್ಕಲ್ಲ, ಭಾನುವಾರದಿಂದ ತಪ್ಪಿಸಿಕೊಳ್ಳಲಿಕ್ಕೆ. ಇದನ್ನು ಪ್ರವಾಸ ಎಂದು ಕರೆದು, ಅನುಭವ ಎಂದು ಫೋಟೋ ಹಾಕಿದ್ದು ಸುಳ್ಳು. ಆ ಭಯವನ್ನು ನಾಲ್ಕು ಭಾನುವಾರ ತಡೆದುಕೊಂಡಿದ್ದರೆ ಐದನೆಯದಕ್ಕೆ ಯಾರಾದರೂ ಮೇಜಿನ ಬಳಿ ಕುರ್ಚಿ ಎಳೆಯುತ್ತಿದ್ದರು. ನನಗಂತೂ ಪಕ್ಕದ ಕೋಣೆಯಲ್ಲೇ ಕುರ್ಚಿ ಕಾಯುತ್ತಿತ್ತು.

ಇನ್ನು ನಾವು ಹೋಗುವ ಊರುಗಳವರ ಮಾತು. 2024ರಲ್ಲಿ ಸ್ಪೇನಿಗೆ ಬಂದ ವಿದೇಶಿ ಪ್ರವಾಸಿಗರು ಸುಮಾರು 9.4 ಕೋಟಿ. ಆ ದೇಶದ ಜನಸಂಖ್ಯೆ ಐದು ಕೋಟಿಯೂ ಇಲ್ಲ. ಆ ಏಪ್ರಿಲಿನಲ್ಲಿ ಕನೇರಿ ದ್ವೀಪಗಳಲ್ಲಿ ಜನ ಬೀದಿಗಿಳಿದರು, ಜೂನಿನಲ್ಲಿ ಮಾಲಗಾದಲ್ಲಿ. ಜುಲೈಯಲ್ಲಿ ಬಾರ್ಸಿಲೋನಾದ ಮೆರವಣಿಗೆಯಲ್ಲಿ ಹೋಟೆಲಿನ ಹೊರಗೆ ಕೂತ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಚಿಮುಕಿಸಿದರು. 2028ರ ನವೆಂಬರಿನೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿ ಫ್ಲ್ಯಾಟುಗಳ ಪರವಾನಗಿ ನಿಲ್ಲಿಸುವುದಾಗಿ ಆ ನಗರದ ಮೇಯರ್ ಹೇಳಿದ್ದಾರೆ. ಬಾಡಿಗೆ ಕಟ್ಟಲಾಗದೆ ಹುಟ್ಟಿದ ಓಣಿ ಬಿಡುವವರ ಸಿಟ್ಟು ಅದು. ಪುಣೆಯಲ್ಲಿ ಕೂತು ಆ ವಿಡಿಯೋ ನೋಡಿದಾಗ ನಮ್ಮ ಗುಂಪಿನಲ್ಲಿ ಎಲ್ಲರೂ ನಗುವ ಇಮೋಜಿ ಹಾಕಿದರು. ನಾವು ಏಳು ಜನ ಬಾರ್ಸಿಲೋನಾದಲ್ಲಿ ಎರಡು ರಾತ್ರಿ ತಂಗಿದ್ದು ಅಂಥದೇ ಒಂದು ಫ್ಲ್ಯಾಟಿನಲ್ಲಿ. ಮೆಟ್ಟಿಲಲ್ಲಿ ಎದುರಾದ ಅಜ್ಜಿ ನಮ್ಮ ನಮಸ್ಕಾರಕ್ಕೆ ಉತ್ತರ ಕೊಟ್ಟಿರಲಿಲ್ಲ. ಒರಟು ಹೆಂಗಸು ಎಂದುಕೊಂಡಿದ್ದೆವು.

ಇಷ್ಟು ಓದಿ, ಇದು ಸ್ಪೇನಿಗೆ ಹೋಗುವವರ ಸಮಸ್ಯೆ, ನಮಗೇನು ಎಂದು ಮುಂಬೈ, ಹೈದರಾಬಾದ್, ಚೆನ್ನೈನ ಓದುಗರು ಅಂದುಕೊಂಡರೆ, ಒಂದು ಪ್ರಶ್ನೆ. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಕನ್ನಡ ಕಲಿಯದವರ ಮೇಲೆ ನಮಗೆ ಎಷ್ಟು ಸಿಟ್ಟಿದೆ! ವಾರವೆಲ್ಲ ಆಫೀಸು, ಶನಿವಾರ ಬಂದರೆ ಕೊಡಗು, ಚಿಕ್ಕಮಗಳೂರು, ನಂದಿಬೆಟ್ಟ. ನೆರೆಮನೆಯವರ ಹೆಸರು ಗೊತ್ತಿಲ್ಲ ಎಂದು ಎಷ್ಟು ಲೇಖನ ಬರೆದಿದ್ದೇವೆ! ಆ ಲೇಖನಗಳನ್ನು ಪುಣೆಯಲ್ಲಿ ಕೂತು ಶೇರ್ ಮಾಡಿದವರಲ್ಲಿ ನಾನೂ ಒಬ್ಬಳು. ನನ್ನ ಮರಾಠಿ ಎಷ್ಟಿದೆ? ಸ್ಪ್ಯಾನಿಷಿಗಿಂತ ಕಡಿಮೆ. ಐದು ವರ್ಷದಲ್ಲಿ ಲೋಣಾವಳ, ಮಹಾಬಳೇಶ್ವರ, ಅಲಿಬಾಗ್ ಎಲ್ಲ ಎರಡೆರಡು ಸಲ ಆಗಿದೆ. ನಮ್ಮ ಕಟ್ಟಡದ ಕಾಕು ಗಣಪತಿ ಹಬ್ಬದಲ್ಲಿ ಮೋದಕ ಕೊಟ್ಟಾಗ ನಾನು ಹಿಂದಿಯಲ್ಲಿ ಧನ್ಯವಾದ ಹೇಳುತ್ತೇನೆ.

ಹಿಂದಿನವರು ಹೀಗಿರಲಿಲ್ಲ ಎಂದು ಹಾಡಿಹೊಗಳುವುದೂ ಬೇಡ. ಮುಂಬೈಯ ಉಡುಪಿ ಹೋಟೆಲುಗಳಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರಿಗೆ ವಾರಾಂತ್ಯವೇ ಇರಲಿಲ್ಲ, ಅದು ಸುಖದ ಸ್ಥಿತಿಯಲ್ಲ. ಆದರೆ ಆ ಊರಿನ ಭಾಷೆ, ಗಲ್ಲಿ, ಜನ ಅವರಿಗೆ ಗೊತ್ತಿತ್ತು. ಗಿರಾಕಿಯ ಜೊತೆ ಮಾತಾಡದೆ ಅವರಿಗೆ ಗತಿಯಿರಲಿಲ್ಲ. ನಮಗೆ ಆ ಅನಿವಾರ್ಯವಿಲ್ಲ. ಹಾಗಾಗಿ ನಾವು ಅದನ್ನು ಬೇಕೆಂದೇ ಆರಿಸಿಕೊಳ್ಳಬೇಕಾಗುತ್ತದೆ.

ಮರಳಿ ಬಂದ ಮೇಲೆ ಮೊದಲ ಸಲ ಮೆಕ್ಸಿಕೋದ ಗ್ರಾಹಕರ ಕರೆಗೆ ನನ್ನನ್ನು ಕೂರಿಸಿದರು. ಅವರು ತಮ್ಮ ಮಾಮೂಲಿ ವೇಗದಲ್ಲಿ ಮಾತಾಡಿದರು. ಎರಡನೆಯ ನಿಮಿಷಕ್ಕೆ ನಾನು ಕಳೆದುಹೋದೆ. ಉಚ್ಚಾರ ಬೇರೆ ಎಂದು ನೆಪ ಹೇಳಿದೆ. ಕರೆ ಮುಂದುವರಿಸಿದವಳು ಒಮ್ಮೆಯೂ ಭಾರತ ಬಿಡದ ಸಹೋದ್ಯೋಗಿ. ನಾನು ಹತ್ತೊಂಬತ್ತು ಊರು ಸುತ್ತುತ್ತಿದ್ದಾಗ ಆಕೆ ದಿನಾ ಅವರ ಜೊತೆ ಮಾತಾಡುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಹಾಗಾದರೆ ಹೋಗಲೇಬಾರದೇ? ಹೋಗಿ. ತಿಂಗಳಿಗೊಂದು ಊರು ಸಾಕು, ಎರಡು ರಾತ್ರಿ ಇರಿ. ಹೋಗುವ ಮೊದಲು ಆ ಊರಿನವರು ಬರೆದದ್ದೇನಾದರೂ ಓದಿ. ಏಳು ಜನ ಬೇಡ, ಒಬ್ಬರೋ ಇಬ್ಬರೋ. ಉಳಿದ ಮೂರು ವಾರಾಂತ್ಯ ನಿಮ್ಮ ಊರಿನಲ್ಲೇ ಇದ್ದು ಒಂದೇ ಅಂಗಡಿಯಲ್ಲಿ ಬ್ರೆಡ್ ಕೊಳ್ಳಿ, ಊಟಕ್ಕೆ ಕರೆದವರಿಗೆ ಹೂಂ ಅನ್ನಿ. ಊಟಕ್ಕೆ ಯಾರೂ ಕರೆಯದಿದ್ದರೆ ಚೌಕದ ಬೆಂಚಿನ ಮೇಲೆ ಕೂತು ಬೇಜಾರು ಮಾಡಿಕೊಳ್ಳಿ, ಅದರಿಂದಲೂ ಏನಾದರೂ ಹುಟ್ಟುತ್ತದೆ. ಮತ್ತು "ಸ್ಪೇನಿನಲ್ಲಿ ನಾಲ್ಕು ದಿನ" ಎಂಬ ಲೇಖನವನ್ನು ದಯವಿಟ್ಟು ಇಂಥ ಪತ್ರಿಕೆಗಳಿಗೆ ಕಳಿಸಬೇಡಿ. ನಾನೂ ಒಂದು ಬರೆದಿಟ್ಟಿದ್ದೆ. ಅದನ್ನು ಅಳಿಸಿ ಇದನ್ನು ಬರೆದೆ.

ಹೊರಡುವ ದಿನ ಮನೆಯೊಡತಿ ಫೋನ್ ನಂಬರು ಬರೆದುಕೊಟ್ಟಳು. ಆಕೆಗೆ ವಾಟ್ಸಾಪ್ ಬರುವುದಿಲ್ಲ, ಮಾತೇ ಆಡಬೇಕು. ಆಡಲು ಹೆದರಿ ಏಳು ತಿಂಗಳು ಫೋನು ಮಾಡಲಿಲ್ಲ. ಹೋದ ಭಾನುವಾರ ಮಾಡಿದೆ. ಅಲ್ಲಿ ಊಟದ ಹೊತ್ತು. ಅರ್ಧ ಮಾತು ಅರ್ಥವಾಗಲಿಲ್ಲ, ಮತ್ತೆ ಹೇಳಿ ಎಂದು ಕೇಳಿದೆ. ಆಕೆ ಮತ್ತೆ ಹೇಳಿದಳು, ನಿಧಾನವಾಗಿ. ಎದುರು ಬಾಗಿಲಿನವರು ಯಾರು ಎಂದು ಕೊನೆಗೆ ಕೇಳಿದೆ. ಆತ ರೈಲ್ವೆಯಲ್ಲಿದ್ದ ನಿವೃತ್ತ ಮನುಷ್ಯ, ಹೆಂಡತಿ ತೀರಿಕೊಂಡಿದ್ದಾಳೆ, ಬಾಲ್ಕನಿಯಲ್ಲಿ ಟೊಮ್ಯಾಟೊ ಬೆಳೆಯುತ್ತಾನೆ. ಅಪ್ಪನಿಗೆ ಅದನ್ನು ಹೇಳಿದ್ದೇನೆ.